ಪಾಲಯ್ಯ ಸೋರಿಕೆ ನಿಲ್ಲಿಸಲು ಹೋದದ್ದು

ಓಬಳಮ್ಮನಿಗೆ ಇಬ್ಬರು ಮಕ್ಕಳು. ದೊಡ್ಡವಳು ದುರುಗಿ, ಆರು ವರ್ಷದ ಹಿಂದೆ ಬೋರ್‌ವೆಲ್ ಲಾರಿಯವನ ಜತೆ ಓಡಿಹೋದವಳು. ಪೈಪು ಇಳಿಸೋಕೆ ಬಂದವನು ಹುಡುಗೀನ ಹತ್ತಿಸಿಕೊಂಡು ಹೋದ ಅಂತ ನಲ್ಲಿ ಮುಂದೆ ಹೆಂಗಸರು ನಕ್ಕಿದ್ದೇ ನಕ್ಕಿದ್ದು! ಚಿಕ್ಕವನು ಪಾಲಯ್ಯ. ಮೀಸೆ ಬಂದು ಹತ್ತು ವರ್ಷ, ಬುದ್ಧಿ ಇನ್ನೂ ದಾರಿಯಲ್ಲೇ ಇದೆ. ಪಿಕಪ್ ಓಡಿಸೋದರಲ್ಲಿ ಗಟ್ಟಿಗ. ಆದರೆ ಹೇಳಿದ್ದನ್ನ ಹೇಳಿದ ಹಾಗೇ ಮಾಡೋನು.

ಓಬಳಮ್ಮ ಮಗಳ ಹೆಸರೆತ್ತುತ್ತಿರಲಿಲ್ಲ. ಆದರೂ ಬೋರ್‌ವೆಲ್ ಲಾರಿ ಸದ್ದಾದರೆ ಸಾಕು, ರೊಟ್ಟೀನ ಹಂಚಿನ ಮೇಲೇ ಬಿಟ್ಟು ಬಾಗಿಲಿಗೆ ಬರೋಳು. ಕೇಳಿದರೆ, "ಹೊಗೆ ಕಣೆ, ಗಾಳಿಗೆ ಬಂದೆ" ಅನ್ನೋಳು. ಹೊಗೆಯಂತೆ ಹೊಗೆ!

ಒಂದು ಶುಕ್ರವಾರ ಸುದ್ದಿ ಬಂತು. ದುರುಗಿ ಹೆಣ್ಣುಕೂಸಿನ ಸಮೇತ ಗುಡ್ಡದಾಚೆ ಡೇರೆಯಲ್ಲಿದ್ದಾಳೆ. ಸೋಮವಾರ ಬೆಳಿಗ್ಗೆ ಅವರ ಲಾರಿ ಒರಿಸ್ಸಾ ಕಡೆ ಹೊರಡುತ್ತೆ. "ಅವ್ವ ಒಂದ್ಸಲ ಕೂಸಿನ ಮುಖ ನೋಡಲಿ" ಅಂದಳಂತೆ.

ಅಲ್ಲಿಗೆ ಬಸ್ಸಿಲ್ಲ. ಇರೋ ಪಿಕಪ್ಪಿಗೆ ಮುಂದಿನ ಆಕ್ಸಲಿನಲ್ಲಿ ಎಣ್ಣೆ ತಡೆಯೋ ಎರಡೂ ರಬ್ಬರ್ ಸೀಲು ಹರಿದು, ಎಣ್ಣೆ ಸೋರಿ, ಬ್ರೇಕು ನೆನೆದುಹೋಗಿತ್ತು.

"ಓಬಳಕ್ಕ, ಈ ಬ್ರೇಕಲ್ಲಿ ಗುಡ್ಡ ಇಳಿದರೆ ನೇರ ಮೇಲಕ್ಕೇ!" ಅಂದ ಗಾಡಿ ರಿಪೇರಿ ಮೇಸ್ತ್ರಿ ಬುಡೇನ್ ಸಾಬಿ.

"ಪಾಲಯ್ಯ, ಪೇಟೆಯಿಂದ ಎರಡು ಸೀಲು ತಾ. ಬೀಳಿಸಬೇಡ, ಬಿಗಿಯಾಗಿ ಕಟ್ಟಿಕೊಂಡು ಬಾ" ಅಂದಳು ಅವ್ವ.

ಅವನು ಮುಳ್ಳುತಂತಿಯಲ್ಲಿ ಬಿಗಿದು ಕಟ್ಟಿಕೊಂಡು ಬಂದ. ರಬ್ಬರೆಲ್ಲ ಚಿಂದಿ!

"ಅಯ್ಯೋ ಪೆದ್ದೇ! ಎಣ್ಣೆ ಸವರಿ, ಬಟ್ಟೆಯಲ್ಲಿ ಸುತ್ತಿ, ಎಳೇ ಕೂಸನ್ನ ತಂದಂಗೆ ತರಬಾರದಾ?" ಅಂತ ಸಾಬಿ ಬೈದ.

"ಹೂಂ ಸಾಬಣ್ಣ, ಇನ್ಮೇಲೆ ಹಂಗೇ ಮಾಡ್ತೀನಿ."

ಸೀಲನ್ನ ಸಾಬಿಯೇ ಹೋಗಿ ತಂದ. ಶುಕ್ರವಾರ ಹೋಯ್ತು.

ಶನಿವಾರ ಪಾಲಯ್ಯನನ್ನ ಹೊಸ ಬ್ರೇಕ್ ಪ್ಯಾಡಿಗೆ ಕಳಿಸಿದರು. ಪ್ಯಾಡಿಗೆ ಹರಳೆಣ್ಣೆ ತಿಕ್ಕಿ, ಅವ್ವನ ಧಾರೆ ಸೀರೆಯಲ್ಲಿ ಸುತ್ತಿ, ಜೋಜೋ ಹಾಡಿಕೊಂಡು ತಂದ!

"ಎಣ್ಣೆ ಕುಡಿದ ಬ್ರೇಕು ಹಿಡಿಯುತ್ತೇನೋ! ಜಿಡ್ಡು ಕಂಡರೆ ಸೋಪು ಹಾಕಿ ಉಜ್ಜಿ, ಬಿಸಿಲಿಗೆ ಇಡೋದಲ್ವಾ?"

"ಹೂಂ ಸಾಬಣ್ಣ, ಇನ್ಮೇಲೆ ಹಂಗೇ ಮಾಡ್ತೀನಿ."

ಬೇರೆ ಪ್ಯಾಡನ್ನೂ ಸಾಬಿಯೇ ಹೋಗಿ ತಂದ. ಶನಿವಾರವೂ ಹೋಯ್ತು. ಓಬಳಮ್ಮ ಕೂಸಿಗೆ ಹೊಲಿದ ಕುಲಾವಿ ಬಿಚ್ಚಿ ಮತ್ತೆ ಹೊಲಿದಳು. ತಲೆ ಎಷ್ಟು ದಪ್ಪವೋ, ನೋಡಿದ್ದರೆ ತಾನೆ!

ಭಾನುವಾರ ಸಾಬಿ ಬೇರಿಂಗಿಗೆಲ್ಲ ಗ್ರೀಸು ತುಂಬಿ ಊಟಕ್ಕೆ ಹೋದ. ಬಂದು ನೋಡಿದರೆ ಬೇರಿಂಗುಗಳು ಪಳಪಳ! ಸೋಪಲ್ಲಿ ಉಜ್ಜಿಸಿಕೊಂಡು ಸಂಡಿಗೆ ಪಕ್ಕ ಒಣಗುತ್ತಾ ಕೂತಿದ್ದವು. ಸಾಬಿ ಹಣೆ ಚಚ್ಚಿಕೊಂಡ. ಮತ್ತೆ ಗ್ರೀಸು ತುಂಬಿ, ಸೀಲು ಕೂರಿಸಿ, ಹೊತ್ತು ಮುಳುಗೋದರೊಳಗೆ ಚಕ್ರ ಬಿಗಿದ.

"ಕೈ ಮುಗೀತೀನಿ ಕಣಪ್ಪ! ನಾಳೆ ಒಂದೇ ಒಂದು ಹನಿ ಸೋರಿದರೂ ಗಾಡಿ ನಿಲ್ಲಿಸು. ಸೋರೋದು ನಿಲ್ಲೋತನಕ ಒಂದಡಿ ಕದಲಬೇಡ. ನಿಲ್ಲಲೇ ಇಲ್ಲ ಅಂದರೆ ಹೊಸ ಸೀಲು ತಾ!"

"ಹೂಂ ಸಾಬಣ್ಣ."

ಸೋಮವಾರ ಬೆಳಿಗ್ಗೆ ಅವ್ವ ಮಗ ಇಬ್ಬರೇ ಗುಡ್ಡ ಹತ್ತಿದರು, ಇಳಿದರು. ಬ್ರೇಕು ಗಟ್ಟಿಯಾಗಿ ಹಿಡಿಯಿತು. ಇಕ್ಕಟ್ಟಿನ ಬಂಡಿದಾರಿ. ತಿರುವು ದಾಟಿದರೆ ಎದುರಿಗೇ ಹೊರಟು ನಿಂತ ಲಾರಿ, ಅದರ ಮುಂದೆ ಸೊಂಟದ ಮೇಲೆ ಕೂಸಿಟ್ಟುಕೊಂಡು ದುರುಗಿ! ಸೊರಗಿದ್ದಾಳೆ. ನಿಲ್ಲೋ ಠೀವಿ ಮಾತ್ರ ಅದೇ. ಓಬಳಮ್ಮನ ಕಣ್ಣಿಂದ ಪಟಕ್ ಅಂತ ಒಂದು ಹನಿ ಉದುರಿತು.

ಗಾಡಿ ಗಕ್ಕನೆ ನಿಂತಿತು.

"ನಡೆಯೋ!"

"ಆಗಲ್ಲವ್ವ, ಸೋರ್ತಾ ಇದೆ."

"ಏನು ಸೋರ್ತಿದೆಯೋ?"

"ನೀನು!"

ಓಬಳಮ್ಮ ಇಳಿದು ಓಡಿದಳು. ಮಗಳೂ ಓಡಿಬಂದಳು. ಇಬ್ಬರೂ ತಬ್ಬಿಕೊಂಡು ಗೊಳೋ ಅಂದರು. ನಡುವೆ ಸಿಕ್ಕಿದ ಕೂಸು ಕಿಟಾರನೆ ಕಿರುಚಿತು.

"ಅಯ್ಯಯ್ಯೋ, ಮೂರೂ ಸೋರ್ತಿವೆ! ಒಬ್ಬರೂ ಕದಲಬೇಡಿ!" ಅಂದವನೇ ಪಾಲಯ್ಯ ಕೀಲಿ ಜೇಬಿಗಿಟ್ಟು ಪೇಟೆ ಕಡೆ ಓಡಿದ.

"ಗಾಡಿ ತೆಗೆದು ಹೋಗೋ! ಒರಿಸ್ಸಾಕ್ಕೆ ಹೋಗಬೇಕು!" ಅಂತ ಅಳಿಯ ಹಾರ್ನು ಬಾರಿಸಿದ್ದೇ ಬಾರಿಸಿದ್ದು. ಇರೋ ಒಂದೇ ದಾರಿಗೆ ಪಿಕಪ್ಪು ಅಡ್ಡ, ಲಾರಿ ಅದರ ಎದುರು. ಎಲ್ಲಿ ಹೋಗ್ತಾನೆ?

ಓಬಳಮ್ಮ ಕೂಸನ್ನ ಮಡಿಲಿಗೆ ಹಾಕಿಕೊಂಡು ರಸ್ತೆಯಲ್ಲೇ ಕೂತಳು. ಹುಟ್ಟಿದಂದಿನಿಂದ ಬೈದ ಮಗನಿಗೆ ಅವತ್ತು ಕೂಗಿ ಹೇಳಿದಳು:

"ನಿಧಾನಕ್ಕೆ ಬಾರೋ, ನನ್ನಪ್ಪ!"

ಅತ್ತ ಪೇಟೆಯಲ್ಲಿ ಅಂಗಡಿಯವನು ಕೇಳಿದ, "ಮೂರು ಸೀಲಾ? ಯಾವ ಗಾಡಿಗಪ್ಪ?"

ಪಾಲಯ್ಯ ಏದುಸಿರು ಬಿಡುತ್ತಾ ಅಂದ, "ನಮ್ಮವ್ವನಿಗೊಂದು, ನಮ್ಮಕ್ಕನಿಗೊಂದು. ಕೂಸಿಗೆ ಸಣ್ಣದು ಕೊಡಣ್ಣ, ಅದರದ್ದು ಭಾರೀ ಸೋರಿಕೆ!"