ದೊರೆ ಕಾವಿಗೆ ಕೂತದ್ದು

ಬನ್ನಿ, ಹತ್ತಿರ ಬನ್ನಿ. ಈ ಕತೆಯ ಅಕ್ಷರ ಅಕ್ಷರವೂ ಸತ್ಯ. ಸುಳ್ಳಾದರೆ ಈ ನನ್ನ ಮೀಸೆ ಉದುರಿ ನಿಮ್ಮ ಮಜ್ಜಿಗೆಗೆ ಬೀಳಲಿ. ಸತ್ಯ ಹೇಳುವುದರಲ್ಲಿ ನಮ್ಮ ಸೀಮೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಅನುಮಾನವಿದ್ದರೆ ನನ್ನನ್ನೇ ಕೇಳಿ.

ಒಂದಾನೊಂದು ಊರಿನಲ್ಲಿ, ಪಕ್ಕದೂರಿನಲ್ಲಲ್ಲ, ಆ ಊರಿನಲ್ಲೇ, ಕೆಂಪಾಜಮ್ಮ ಅಂತ ಒಬ್ಬ ಪಂಡಿತೆ ಇದ್ದಳು. ಊರಿನ ಹೆಸರು ಕುಕ್ಕರಗಾಲೂರು. ಅವಳು ಕಲಿತದ್ದು ಹೂಮರಿ ಶಾಸ್ತ್ರ. ಹೂಮರಿ ಅಂದರೆ ಮೊಟ್ಟೆಯೊಡೆದು ಆಗ ತಾನೇ ಬಂದ ಕೋಳಿಮರಿ. ಮರಿ ತೂಕಡಿಸಿದರೆ ಯಾಕೆ, ಸೀನಿದರೆ ಯಾಕೆ, ಹಿಕ್ಕೆ ನೀರಾದರೆ ಯಾಕೆ, ಎಲ್ಲ ಬಲ್ಲಳು. ಮೊಟ್ಟೆಯ ಹಿಂದೆ ದೀಪ ಹಿಡಿದು ಒಳಗೆ ಇಣುಕುವಳು. ಅಲ್ಲಿ ಜೇಡರ ಬಲೆಯಂಥ ಕೆಂಪು ನರಗಳು, ನಡುವೆ ಮಿಡಿಯುವ ಒಂದು ಚುಕ್ಕೆ. ಎಷ್ಟು ಸಲ ನೋಡಿದರೂ ತೆರೆದ ಬಾಯಿ ಮುಚ್ಚುತ್ತಿರಲಿಲ್ಲ. ಒಮ್ಮೆ ಗುಬ್ಬಿಯೊಂದು ಆ ಬಾಯಲ್ಲಿ ಗೂಡು ಕಟ್ಟಲು ಹುಲ್ಲು ತಂದಿತ್ತು.

ಆ ಊರಿನ ದೊರೆ ಉಪ್ಪರಿಗೆರಾಯ. ಅವನಿಗೆ ಯುದ್ಧ ಬೇಡ, ಬೇಟೆ ಬೇಡ, ಹೂಮರಿ ಬೇಕು. ಅವನು ಯಾವಾಗಲೂ ನಿಂತೇ ಇರುವನು. ನಿಂತೇ ಉಣ್ಣುವನು, ನಿಂತೇ ಗೊರಕೆ ಹೊಡೆಯುವನು. ಯಾಕೆಂದರೆ ಆ ಊರಿನ ಕಟ್ಟಳೆ ಹಾಗಿತ್ತು. ದೊರೆ ಕೂತರೆ ರಾಜ್ಯದಲ್ಲಿ ಯಾರೂ ನಿಂತಿರಬಾರದು.

ಒಂದು ದಿನ ದೊರೆ ಕೇಳಿದ, "ಕೆಂಪಾಜಮ್ಮ, ಮೊಟ್ಟೆಗೆ ಬಾಗಿಲಿಲ್ಲ, ಕಿಟಕಿಯಿಲ್ಲ. ಒಳಗಿರೋ ಮರಿ ಮೊದಲ ಉಸಿರು ಎಲ್ಲಿಂದ ತಗೊಳ್ಳುತ್ತೆ?"

"ಅದೊಂದು ಗೊತ್ತಿಲ್ಲ, ಬುದ್ಧಿ."

"ಹಾಗಾದರೆ ಮೊಟ್ಟೆಯನ್ನೇ ಕೇಳು."

ಕೆಂಪಾಜಮ್ಮ ಚುಕ್ಕಿ ಎಂಬ ಮುದಿ ಹೇಂಟೆಯ ಹತ್ತಿರ ಹೋದಳು. ಚುಕ್ಕಿ ಒಂದೇ ಒಂದು ಮೊಟ್ಟೆಯ ಮೇಲೆ ಕಾವಿಗೆ ಕೂತಿತ್ತು.

"ಇದು ನನ್ನ ಕೊನೇ ಮೊಟ್ಟೆ ಕಣವ್ವ," ಅಂತು ಚುಕ್ಕಿ. "ತಗೊಂಡು ಹೋಗಿ ಕೇಳು. ಆದರೆ ಮರಿ ಜೀವಂತ ನನ್ನ ರೆಕ್ಕೆಯೊಳಗೆ ಬರಬೇಕು."

"ನಿನ್ನ ಪುಕ್ಕದಾಣೆ, ಒಪ್ಪಿಸ್ತೀನವ್ವ."

ಅರಮನೆಯಲ್ಲಿ ಮೊಟ್ಟೆ ಬಾಯಿಬಿಟ್ಟಿತು, ಚಿಪ್ಪು ಒಡೆಯದ ಹಾಗೆ. "ಕೇಳಿದವರೇ ಕಾವು ಕೊಡಲಿ. ನಾನು ಹೊರಗೆ ಬರೋತನಕ ಏಳಬಾರದು. ಒಪ್ಪಿಗೆಯೋ?"

ಕೇಳಿದವನು ದೊರೆ. ದೊರೆ ಕೂತ.

ಮೊಟ್ಟೆ ಒಡೆಯಲಿಲ್ಲವೇ ಅಂತೀರಾ? ರಾಜ್ಯಭಾರವನ್ನೆಲ್ಲ ಆಗಲೇ ಮಂತ್ರಿಯ ತಲೆಗೆ ಹಾಕಿದ್ದನಲ್ಲ, ಮೈ ಹತ್ತಿಯಷ್ಟು ಹಗುರವಾಗಿತ್ತು.

ದೊರೆ ಕೂತನಲ್ಲ, ಮಂತ್ರಿ ಕೂತ. ಮಂತ್ರಿ ಕೂತನಲ್ಲ, ಅಗಸ ಕೂತ, ಅಗಸನ ಕತ್ತೆ ಕೂತಿತು. ಹೊಗೆ ಒಲೆಯ ಮೇಲೆ ಕೂತಿತು. ಗಾಳಿ ಹುಣಸೆಮರದಡಿ ಕೂತಿತು. ಸೂರ್ಯ ಗುಡ್ಡದ ನೆತ್ತಿಯ ಮೇಲೆ ಕಾಲು ಇಳಿಬಿಟ್ಟು ಕೂತ. ಕೆಂಪಾಜಮ್ಮ ದೊರೆಯ ಪಕ್ಕದಲ್ಲಿ ಕೂತಳು. ನಿಂತಿದ್ದವು ಕೋಳಿಗಳು ಮಾತ್ರ.

"ನೀವೂ ಕೂರ್ರವ್ವ," ಅಂದ ಮಂತ್ರಿ.

"ಹೋಗಪ್ಪೋ, ವಯಸ್ಸಿಗೆ ಬಂದಾಗಿಂದ ಕೂತೇ ಇದ್ದೀವಿ. ನಮ್ಮ ಪಾಲು ಮುಗೀತು," ಅಂದವು ಕೋಳಿಗಳು.

ಊರಿನ ಕೆಲಸವೆಲ್ಲ ಅವುಗಳ ಪಾಲಿಗೆ ಬಂತು. ಹೊಲ ಕೆದಕಿ ಬಿತ್ತನೆ ಮಾಡಿದವು. ಬಿತ್ತಿದ್ದನ್ನು ಆಗಲೇ ಹೆಕ್ಕಿ ಕೊಯ್ಲನ್ನೂ ಮುಗಿಸಿದವು. ಅಷ್ಟು ಬೇಗ ಬೇಸಾಯ ಯಾರೂ ಮಾಡಿರಲಿಲ್ಲ. ಚುಕ್ಕಿ ನ್ಯಾಯ ತೀರಿಸಲು ಹೋಯಿತು. ವಾದಿಯನ್ನೂ ಕುಕ್ಕಿತು, ಪ್ರತಿವಾದಿಯನ್ನೂ ಕುಕ್ಕಿತು. ಇಬ್ಬರೂ ರಾಜಿಯಾದರು.

ಹೀಗಿರುವಾಗ ಕೆಂಪಾಜಮ್ಮ ಬಗ್ಗಿ ಮೊಟ್ಟೆಗೆ ಕಿವಿ ಕೊಟ್ಟಳು. ಮಿಡಿತ ಸಣ್ಣಗಾಗಿತ್ತು. ಕಾವಿನ ಹೇಂಟೆ ಮೊಟ್ಟೆಯನ್ನು ಆಗಾಗ ಕೊಕ್ಕಿನಿಂದ ಹೊರಳಿಸುತ್ತದೆ. ಹೊರಳಿಸದಿದ್ದರೆ ಮರಿ ಚಿಪ್ಪಿಗೆ ಅಂಟಿಕೊಂಡು ಸಾಯುತ್ತದೆ. ದೊರೆಯೋ, ಕಲ್ಲಿನ ಬಸವನ ಹಾಗೆ ಕೂತಿದ್ದ. ಹೇಳಬೇಕಾದವಳು ಅವಳು, ಬೆರಗಿನಲ್ಲಿ ಮರೆತಿದ್ದಳು.

"ಬುದ್ಧಿ, ಒಂಚೂರು ಏಳಿ! ಮೊಟ್ಟೆ ಹೊರಳಿಸಬೇಕು!"

"ನಾನೆದ್ದರೆ ಊರೆಲ್ಲ ಏಳುತ್ತೆ. ಗಾಳಿಯೂ ಏಳುತ್ತೆ. ಗಾಳಿ ಎದ್ದರೆ ಮರಿಗೆ ಶೀತ ಆಗಲ್ಲವೇನವ್ವ?"

ಅದೂ ನಿಜ. ಕೈ ಹಾಕಿ ಹೊರಳಿಸೋಣವೆಂದರೆ, ದೊರೆಯ ಅಡಿಗೆ ಕಿವಿ ಕೊಡಬಹುದು, ಕೈ ಹಾಕಿದರೆ ರಾಜದ್ರೋಹ. ಕೆಂಪಾಜಮ್ಮನಿಗೆ ಅಳು ಬಂತು. ಚುಕ್ಕಿಗೆ ಯಾವ ಮುಖ ತೋರಿಸುವುದು?

ಅಳುತ್ತಲೇ ಅವಳಿಗೆ ರಾಗಿಕಲ್ಲು ನೆನಪಾಯಿತು. ಕಾಳು ತಾನಾಗಿ ಹೊರಳುವುದಿಲ್ಲ. ಕಲ್ಲು ತಿರುಗಿದರೆ ಕಾಳು ಹೊರಳಲೇಬೇಕು.

"ಮೊಟ್ಟೆ ಹೊರಳದಿದ್ದರೆ ನೆಲವನ್ನೇ ತಿರುಗಿಸ್ರಪ್ಪೋ!"

ಊರಿನವರು ಕೂತಲ್ಲೇ ಹಿಮ್ಮಡಿ ಊರಿ ನೆಲ ತಳ್ಳಿದರು. ಕೋಳಿಗಳು ಊರಿನ ಅಂಚನ್ನು ಕಚ್ಚಿ ಎಳೆದವು. ತಳ್ಳಿದರು, ಎಳೆದವು. ತಳ್ಳಿದರು, ಎಳೆದವು. ಗರಗರ ಅಂತ ನೆಲ ತಿರುಗಿತು! ಬಾವಿ ಅಂಗಡಿ ಬೀದಿಗೆ ಬಂತು. ಅತ್ತೆಯ ಮನೆ ದೂರ ಸರಿಯುತ್ತಿರುವುದನ್ನು ಕಂಡ ಸೊಸೆಯೊಬ್ಬಳು ಇನ್ನೂ ಜೋರಾಗಿ ತಳ್ಳಿದಳು. ದೊರೆ ಕದಲಲಿಲ್ಲ. ಅವನಡಿಯ ಮೊಟ್ಟೆ ಮೆಲ್ಲಗೆ ಮಗ್ಗುಲು ಬದಲಿಸಿತು.

ಕೆಂಪಾಜಮ್ಮ ಮತ್ತೆ ಕಿವಿ ಕೊಟ್ಟಳು. ಏನೂ ಇಲ್ಲ. ಇಡೀ ರಾಜ್ಯ ಅವಳ ಮುಖವನ್ನೇ ನೋಡುತ್ತಿತ್ತು. ಆಮೇಲೆ,

ಟಕ್.

ಆಮೇಲೆ, ಇನ್ನೂ ಚಿಪ್ಪಿನೊಳಗಿಂದಲೇ, "ಚಿಂವ್."

ಚುಕ್ಕಿ ಇನ್ನೊಂದು ನ್ಯಾಯವನ್ನು ಅರ್ಧಕ್ಕೆ ಬಿಟ್ಟು ಓಡಿ ಬಂತು. ಹೊರಗಿನಿಂದ "ಕ್ಕು ಕ್ಕು" ಅಂತು. ಒಳಗಿನಿಂದ "ಚಿಂವ್" ಅಂತು. ಹುಟ್ಟುವ ಮೊದಲೇ ಮಾತಾಡುವ ಕೂಸು, ಅದಕ್ಕೆ ಓಗೊಡುವ ತಾಯಿ! ಕತ್ತೆ ಕೂಡ ಕಿವಿ ನಿಮಿರಿಸಿತು. ಕೊಕ್ಕಿನ ತುದಿಯ ಮುಳ್ಳಿನ ಮೊನೆಯಷ್ಟು ಹಲ್ಲಿನಿಂದ ಮರಿ ಚಿಪ್ಪನ್ನು ಸುತ್ತಲೂ ಕೊರೆಯಿತು. ದೊರೆಯ ಪಂಚೆಯ ಮಡಿಕೆಯಿಂದ ಹೊರಬಂತು. ಒದ್ದೆ ಮೈ, ಇಷ್ಟೇ ಇಷ್ಟು. ಯಾರೂ ಉಸಿರಾಡಲಿಲ್ಲ.

ದೊರೆ ಪಿಸುಗುಟ್ಟಿದ, "ಮೊದಲ ಉಸಿರು ಎಲ್ಲಿಂದ ತಗೊಂಡೆ, ಕಂದ?"

"ಮೊಟ್ಟೆಯ ದಪ್ಪ ತುದೀಲಿ ಒಂದು ಗಾಳಿ ಕೋಣೆ ಇದೆ, ತಾತ. ಅದರ ಪರದೆ ಹರಿದು ಮೂಗು ತೂರಿಸಿದೆ."

"ಅಲ್ಲಿಗೆ ಗಾಳಿ ತಂದಿಟ್ಟವರು ಯಾರು?"

"ಚಿಪ್ಪಿನ ತುಂಬ ಕಣ್ಣಿಗೆ ಕಾಣದ ತೂತು. ಹೊರಗೆ ನೀವೆಲ್ಲ ನೆಲ ತಳ್ತಾ ಏದುಸಿರು ಬಿಡ್ತಿದ್ದಿರಲ್ಲ, ಅದೇ ಒಳಗೆ ಬಂತು. ಸ್ವಲ್ಪ ಬೆಳ್ಳುಳ್ಳಿ ವಾಸನೆ ಇತ್ತು."

ದೊರೆ ಕೈಮುಗಿದು ಎದ್ದು ನಿಂತ. ಮಂತ್ರಿ ಎದ್ದ, ಅಗಸ ಎದ್ದ, ಕತ್ತೆ ಎದ್ದಿತು. ಸೂರ್ಯ ಮೈಮುರಿದು ಎದ್ದ. ಗಾಳಿ ಏಳುವಷ್ಟರಲ್ಲಿ ಕೆಂಪಾಜಮ್ಮ ಮರಿಯನ್ನು ಚುಕ್ಕಿಯ ಮುಂದೆ ಇಳಿಸಿದಳು. ಅದು ಮುಗ್ಗರಿಸಿತು, ಎದ್ದಿತು, ರೆಕ್ಕೆಯೊಳಗೆ ನುಗ್ಗಿತು. ಮೇಲೆ ಗಾಳಿ ಬೀಸಿ ಹೋಯಿತು. ಒಳಗೆ ಬೆಚ್ಚಗೆ "ಚಿಂವ್" ಅಂತು. ಆ ಸಂತೋಷಕ್ಕೆ ದೊರೆ ಊರಿಗೆಲ್ಲ ಬೆಲ್ಲ ಹಂಚಿದ.

ಇದರ ನೀತಿ ಏನೆಂದರೆ, ಕಾವಿಗೆ ಕೂತ ಕೋಳಿಯ ಪಕ್ಕ ಹಾದುಹೋಗುವಾಗ ಒಂದು ಒಳ್ಳೆಯ ಉಸಿರು ಬಿಟ್ಟು ಹೋಗಿ. ಇನ್ನೂ ಹುಟ್ಟದವರು ಯಾರೋ ಅದಕ್ಕೆ ಕಾಯುತ್ತಿರುತ್ತಾರೆ. ಕತೆ ಗೂಡು ಸೇರಿತು, ನೀವು ಮನೆ ಸೇರಿ.

ಹ್ಞಾಂ, ಒಂದು ಮಾತು. ದೊರೆ ಬೆಲ್ಲ ಹಂಚಿದ ಅಂದೆನಲ್ಲ, ಅದೊಂದು ಮಾತ್ರ ನಾನು ಸೇರಿಸಿದ್ದು. ಕೈಬಿಚ್ಚಿ ಬೆಲ್ಲ ಹಂಚುವ ದೊರೆ ಎಂದರೆ ಯಾರು ತಾನೇ ನಂಬುತ್ತಾರೆ?