ಇಷ್ಟಪಟ್ಟು ಹೋದವನು

"ಅಯ್ಯನವರೇ, ಇಷ್ಟವಿಲ್ಲದೆ ಹೋಗುವವನು ಇಷ್ಟಪಟ್ಟು ಹೋಗುತ್ತಿದ್ದೇನೆ ಎಂದು ಬರೆದುಕೊಟ್ಟರೆ ಅದು ಸುಳ್ಳಾಗುತ್ತದೆಯೇ?"

ಕೇಳಿದವನು ಕರಿಬಸಪ್ಪ. ಊರಿನ ನೂಲಿನ ಗಿರಣಿಯಲ್ಲಿ ಪ್ರಾಯವನ್ನೆಲ್ಲ ಕಳೆದವನು. ವಾರದ ರಜೆಯ ದಿನ ಹಾಲಯ್ಯನವರ ಮಠಕ್ಕೆ ಬಂದು ಅವರ ಮಾತು ಕೇಳಿ ಹೋಗುವುದು ಅವನ ರೂಢಿ. ಅಂದು ಬಂದವನು ನಮಸ್ಕರಿಸಿ, ಎಂದಿನಂತೆ ಮುಂದೆ ಕೂರದೆ ಕಂಬಕ್ಕೆ ಒರಗಿ ಕೂತ. ಗಿರಣಿಯವರು ಆಳುಗಳನ್ನು ಕಡಿಮೆ ಮಾಡುತ್ತಿದ್ದಾರೆ ಎಂದ. ಅದಕ್ಕೆ ಸ್ವಯಂ ನಿವೃತ್ತಿ ಎಂದು ಹೆಸರಿಟ್ಟಿದ್ದಾರೆ ಎಂದ. ಅವನನ್ನು ಆಫೀಸಿಗೆ ಕರೆದು, ಕುರ್ಚಿ ಕೊಟ್ಟು, ಚಹಾ ತರಿಸಿ, ನಾಳೆಯೊಳಗೆ ಸಹಿ ಬೇಕು ಎಂದರಂತೆ. ಇಷ್ಟು ವರ್ಷದಲ್ಲಿ ಅವನಿಗೆ ಅಲ್ಲಿ ಕುರ್ಚಿ ಸಿಕ್ಕಿದ್ದು ಅದೇ ಮೊದಲು.

ಹಾಲಯ್ಯನವರು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ವ್ಯಾಪಾರಿ ಇದ್ದ. ನೂಲಿಗೆ ಬಣ್ಣ ಹಾಕಿಸಿ ಸುತ್ತಲಿನ ನೇಕಾರರಿಗೆ ಮಾರುವುದು ಅವನ ಕಸುಬು. ಅವನ ತಂದೆಯ ಕಾಲದಿಂದ ಅವರ ಬಣ್ಣದ ಮನೆಯ ಒಲೆ ಆರಿದ್ದಿಲ್ಲ. ಅಲ್ಲಿ ದುಡಿಯುವವರಲ್ಲಿ ಒಬ್ಬ ಬಣ್ಣಗಾರ. ಹಂಡೆಯ ಮುಂದೆ ನಿಂತು ಕುದಿಯುವ ನೀರಿನಲ್ಲಿ ನೂಲು ತಿರುವುತ್ತ ಅವನ ಮೀಸೆ ಬೆಳ್ಳಗಾಗಿತ್ತು. ಹಬೆ ಬಡಿದು ಬಡಿದು ಕಣ್ಣು ಸದಾ ನೀರಾಡುತ್ತಿತ್ತು. ಊಟಕ್ಕೆ ಕೂತರೆ ತೋಳು ಮೇಲೇಳುತ್ತಿರಲಿಲ್ಲ. ಇನ್ನು ಸಾಕು ಎಂದು ಅವನು ಎಷ್ಟೋ ಸಲ ಮನಸ್ಸಿನಲ್ಲೇ ಅಂದುಕೊಂಡಿದ್ದ. ಬಾಯಿಬಿಟ್ಟು ಅಂದಿರಲಿಲ್ಲ.

ಕಾಲ ಬದಲಾಯಿತು. ದೂರದ ಊರಿನಿಂದ ಬಣ್ಣ ಹಾಕಿದ ನೂಲೇ ಅಗ್ಗವಾಗಿ ಬರತೊಡಗಿತು. ಅರ್ಧ ಹಂಡೆಗಳನ್ನು ಇಳಿಸದೆ ವ್ಯಾಪಾರಿಗೆ ಬೇರೆ ದಾರಿ ಇರಲಿಲ್ಲ. ಅವನು ಕೆಟ್ಟವನೇನಲ್ಲ. ಆದರೆ ಹೋಗಿ ಎನ್ನುವ ಮಾತನ್ನು ತಾನೇ ಆಡುವುದು ಅವನಿಗೆ ಬೇಕಿರಲಿಲ್ಲ. ಆದ್ದರಿಂದ ಬಣ್ಣಗಾರರನ್ನು ಒಬ್ಬೊಬ್ಬರನ್ನಾಗಿ ತನ್ನ ಪಡಸಾಲೆಗೆ ಕರೆಸಿದ. ಎಲೆ ಅಡಿಕೆ ಕೊಟ್ಟ. ಮನೆಯವರ ಆರೋಗ್ಯ ವಿಚಾರಿಸಿದ. ಕೊನೆಗೆ ಹೇಳಿದ.

"ನಿನಗೂ ವಯಸ್ಸಾಯಿತು. ನೀನಾಗಿಯೇ ಬಿಡುವುದಾದರೆ ಇಡೀ ವರ್ಷ ಮನೆಗೆ ಸಾಲುವಷ್ಟು ಜೋಳ ಕೊಡುತ್ತೇನೆ. ಸಂಜೆಯೊಳಗೆ ಹೇಳು. ಬೇರೆಯವರ ಕಿವಿಗೆ ಹಾಕಬೇಡ, ಇದು ನಿನಗೆ ಮಾತ್ರ."

ಮೊದಲು ಹೋದವನು ಅಲ್ಲೇ ಒಪ್ಪಿಕೊಂಡ. ಒಪ್ಪದಿದ್ದರೆ ಇದೂ ತಪ್ಪೀತು ಎಂಬ ಭಯ ಅವನಿಗೆ. ಜೋಳದ ಚೀಲ ಹೊತ್ತ ಗಾಡಿ ಮಧ್ಯಾಹ್ನವೇ ಅವನ ಮನೆ ಮುಂದೆ ನಿಂತಿತು.

ನಮ್ಮ ಬಣ್ಣಗಾರನ ಸರದಿ ಬಂತು. ಅವನೂ ಎಲ್ಲ ಕೇಳಿಸಿಕೊಂಡ. ಹೂಂ ಎನ್ನಲು ಬಾಯಿ ತೆರೆದ. ಎಷ್ಟೋ ವರ್ಷದಿಂದ ಬಯಸಿದ್ದೇ ಎದುರಿಗೆ ಬಂದಿತ್ತು. ಆದರೂ ಮಾತು ಹೊರಡಲಿಲ್ಲ. ಯಾಕೆಂದು ಅವನಿಗೇ ತಿಳಿಯಲಿಲ್ಲ. ಕೊನೆಗೆ ಬೇರೆಯೇ ಒಂದು ಮಾತು ಬಂತು.

"ಒಲ್ಲೆ ಎಂದರೆ ಏನಾಗುತ್ತದೆ, ಯಜಮಾನರೇ?"

ವ್ಯಾಪಾರಿ ಎಲೆಯ ತಟ್ಟೆಯನ್ನು ಆಚೆ ಸರಿಸಿದ. "ಒಲ್ಲೆ ಎಂದರೆ ಮುಂದೆ ಏನೋ ಎಂತೋ, ನಾನು ಹೇಳಲಾರೆ" ಎಂದ.

ಬಣ್ಣಗಾರ ಮನೆಗೆ ಬಂದು ಹೆಂಡತಿಗೆ ಹೇಳಿದ. ಅವಳು ರೊಟ್ಟಿ ಬಡಿಯುತ್ತಿದ್ದಳು. ಕೈ ನಿಲ್ಲಿಸದೆ, "ಹೆಣ್ಣು ಕೇಳಲು ಬಂದವರೂ ಯೋಚಿಸಿ ಹೇಳಿ ಎಂದು ದಿನ ಕೊಟ್ಟು ಹೋಗುತ್ತಾರೆ. ನಿಮ್ಮ ಯಜಮಾನರಿಗೆ ಅಷ್ಟು ಅವಸರ ಏಕೆ?" ಎಂದಳು. ಅವನು ರೊಟ್ಟಿ ತಿನ್ನಲಿಲ್ಲ. ಎದ್ದು ಪಕ್ಕದ ಮನೆಯ ಬಣ್ಣಗಾರನ ಬಾಗಿಲು ತಟ್ಟಿದ. ಬೇರೆಯವರಿಗೆ ಹೇಳಬೇಡ ಎಂಬ ಮಾತನ್ನು ಮೀರುವಾಗ ಕಳ್ಳನಂತೆ ಓಣಿಯ ಎರಡೂ ಬದಿ ನೋಡಿಕೊಂಡ. ನೆರೆಯವನು ಕೇಳಿ ನಕ್ಕ. ಸಂತೋಷದ ನಗೆಯಲ್ಲ. ನಿನಗೆ ಮಾತ್ರ ಎಂದು ಅವನಿಗೂ ಹೇಳಿದ್ದರು.

ಇಬ್ಬರೂ ಸೇರಿ ಊರ ಪಂಚರಲ್ಲಿ ಹಿರಿಯನಾದವನ ಬಳಿ ಹೋದರು. ಕಸುಬಿನ ಜಗಳಗಳನ್ನು ತೀರಿಸಿ ತೀರಿಸಿ ಬೇಸತ್ತ ಮನುಷ್ಯ ಅವನು. ಹೊರಸಿನ ಮೇಲೆ ಮಲಗಿದ್ದವನು ಎದ್ದು ಕೂತು ಎಲ್ಲ ಕೇಳಿದ. ಆಮೇಲೆ ಅವನೇ ಕೇಳಿದ, "ಪ್ರತಿ ಸುಗ್ಗಿಯಲ್ಲೂ ನಿಮ್ಮ ಕೂಲಿಯಲ್ಲಿ ಒಂದು ಪಾಲನ್ನು ಯಜಮಾನ ಹಿಡಿದಿಟ್ಟುಕೊಳ್ಳುತ್ತಾನಲ್ಲ, ಅದು ಯಾರದು?"

"ಕೈಸೋತ ಕಾಲಕ್ಕೆ ನಮಗೇ ಕೊಡುವುದು" ಎಂದ ಬಣ್ಣಗಾರ.

"ಈಗ ಕೊಡುತ್ತೇನೆ ಎಂದ ಜೋಳದಲ್ಲಿ ಅದೂ ಸೇರಿದೆಯೋ, ಅದು ಬೇರೆಯೋ?"

ಅದನ್ನು ಅವರಿಬ್ಬರೂ ಯಜಮಾನನಲ್ಲಿ ಕೇಳಿರಲಿಲ್ಲ.

ಹಿರಿಯ ಬಿಡಿಸಿ ಹೇಳಿದ. ದುಡಿದದ್ದಕ್ಕೆ ಬರಬೇಕಾದದ್ದು ಒಲ್ಲೆ ಎಂದರೂ ನಿಮ್ಮದೇ, ಹೂಂ ಎಂದರೂ ನಿಮ್ಮದೇ. ಬಿಟ್ಟುಹೋಗುವುದಕ್ಕೆ ಕೊಡುವುದು ಅದರ ಮೇಲಿನದು. ನಿಮ್ಮದನ್ನೇ ನಿಮಗೆ ಅಳೆದು ಕೊಟ್ಟು ಅದನ್ನು ಉಡುಗೊರೆ ಎನ್ನುವ ಹಾಗಿಲ್ಲ. ಇನ್ನು, ಕೆಲಸವಿಲ್ಲ ಎಂದು ಯಜಮಾನನೇ ಕಳಿಸಬೇಕಾದರೆ ಅದಕ್ಕೂ ಒಂದು ಕಟ್ಟಳೆ ಇದೆ. ಮುಂಚಿತವಾಗಿ ತಿಳಿಸಬೇಕು, ಕಳೆದ ವರ್ಷಗಳಿಗೆ ತಕ್ಕ ಪರಿಹಾರ ಕೊಡಬೇಕು. ನೀವಾಗಿಯೇ ಹೋದರೆ ಆ ಕಟ್ಟಳೆ ನಿಮ್ಮ ಹಿಂದೆ ಬರುವುದಿಲ್ಲ. ಬಿಡು ಎಂದು ಕೇಳುವುದು ಅವನಿಗೆ ತಪ್ಪಲ್ಲ. ಒಲ್ಲೆ ಎನ್ನುವುದು ನಿಮಗೂ ತಪ್ಪಲ್ಲ.

"ಇದನ್ನೆಲ್ಲ ನಮಗೆ ಯಾರೂ ಹೇಳಲಿಲ್ಲ" ಎಂದ ನೆರೆಯವನು.

"ಕೇಳದೆ ಯಾರು ಹೇಳುತ್ತಾರೆ?" ಎಂದು ಹಿರಿಯ ಮತ್ತೆ ಮಲಗಿಕೊಂಡ.

ಇಬ್ಬರೂ ಆ ಸಂಜೆಯೇ ಉಳಿದವರಿಗೆ ವಿಷಯ ಮುಟ್ಟಿಸಿದರು, ಯಾರೂ ಯಜಮಾನನಿಗೆ ಉತ್ತರ ಹೇಳಲು ಹೋಗಲಿಲ್ಲ. ಮರುದಿನ ಉಳಿದ ಬಣ್ಣಗಾರರೆಲ್ಲ ಒಟ್ಟಿಗೆ ಪಡಸಾಲೆಗೆ ಹೋದರು. ಎಲ್ಲರನ್ನೂ ಒಂದೇ ಸಲ ಕಂಡು ವ್ಯಾಪಾರಿಯ ಮುಖ ಇಳಿಯಿತು. ನಾನು ಯಾರನ್ನೂ ಹೊರಗೆ ಹಾಕುತ್ತಿಲ್ಲ, ಇಷ್ಟವಿದ್ದವರು ಹೋಗಲಿ ಎಂದಿದ್ದೇನೆ ಅಷ್ಟೆ ಎಂದ. ನಮ್ಮ ಬಣ್ಣಗಾರ ಮುಂದೆ ಬಂದ. ಅವನಿಗೆ ಸಿಟ್ಟು ಮಾಡುವಷ್ಟು ತ್ರಾಣವೂ ಇರಲಿಲ್ಲ. ಮೆಲ್ಲಗೆ ಹೇಳಿದ.

"ಹೋಗು ಎಂದು ನೀವು ಹೇಳಿದರೆ ನಿಮಗೆ ಭಾರ. ಹೋಗುತ್ತೇನೆ ಎಂದು ನಾವು ಹೇಳಿದರೆ ನಿಮಗೆ ಹಗುರ. ಹಗುರ ಮಾಡಿಕೊಡಲಾರೆವು ಎನ್ನುತ್ತಿಲ್ಲ, ಯಜಮಾನರೇ. ಆದರೆ ಮಾಡಿಕೊಡುವವರು ನಾವು ಎಂದು ತಿಳಿದು ಕೇಳಿ."

ವ್ಯಾಪಾರಿಯ ಕಣ್ಣಲ್ಲೂ ನಿದ್ದೆಯಿಲ್ಲದ ಕೆಂಪಿತ್ತು. ಕೊನೆಗೆ ಪಂಚರ ಎದುರಿಗೇ ಮಾತಾಯಿತು. ಹಿಡಿದಿಟ್ಟ ಪಾಲು ಬೇರೆ, ಬಿಡುವವರಿಗೆ ಕೊಡುವ ಜೋಳ ಬೇರೆ. ಯೋಚಿಸಲು ಅಮಾವಾಸ್ಯೆಯವರೆಗೆ ಸಮಯ. ಒಲ್ಲೆ ಎಂದವನ ಮೇಲೆ ಹಗೆ ಸಾಧಿಸುವ ಹಾಗಿಲ್ಲ, ಒಲೆ ಉರಿಯುವವರೆಗೆ ಅವನಿಗೆ ಕೆಲಸ.

ಮೊದಲ ದಿನ ಒಪ್ಪಿದವನು ಇದನ್ನು ಕೇಳಿ ಓಡಿ ಬಂದ. ತನ್ನ ಪಾಲನ್ನೂ ಬೇರೆ ಮಾಡಿಕೊಡಿ ಎಂದು ಬೇಡಿದ. ನಿನ್ನ ಲೆಕ್ಕ ಆ ಜೋಳದಲ್ಲೇ ತೀರಿತು, ನೀನು ಇಷ್ಟಪಟ್ಟು ಹೋದವನು ಎಂದ ವ್ಯಾಪಾರಿ. ಅವನಿಗಾಗಿ ಉಳಿದವರೂ ಕೇಳಿದರು. ಪಂಚರೂ ಕೇಳಿದರು. ಆಡಿದ ಮಾತು ತಿರುಗಿ ಬರಲಿಲ್ಲ. ಅವನು ಬಣ್ಣದ ಮನೆಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದು, ಹೊತ್ತು ಇಳಿದ ಮೇಲೆ ಎದ್ದುಹೋದ.

ಅಮಾವಾಸ್ಯೆ ಬಂತು. ನೆರೆಯವನು ಒಲ್ಲೆ ಎಂದ. ನಮ್ಮ ಬಣ್ಣಗಾರನೂ ಹಾಗೆಯೇ ಎನ್ನುತ್ತಾನೆಂದು ಎಲ್ಲರೂ ಎಣಿಸಿದ್ದರು. ಅವನು ಹೋಗುತ್ತೇನೆ ಎಂದ.

ನೆರೆಯವನಿಗೆ ಕೋಪ ಬಂತು. "ಇಷ್ಟೆಲ್ಲ ಓಡಾಡಿ ಕೊನೆಗೆ ಹೋಗುವುದೇ ಆದರೆ ಅಂದೇ ಹೋಗಬಹುದಿತ್ತಲ್ಲ?"

"ಅಂದು ನಾನು ಹೋಗುತ್ತಿರಲಿಲ್ಲ ತಮ್ಮಾ, ಅವರು ಕಳಿಸುತ್ತಿದ್ದರು" ಎಂದ ಬಣ್ಣಗಾರ. "ಈಗ ಇರಲೂಬಹುದು ಎಂದು ಗೊತ್ತಾಗಿದೆ. ಗೊತ್ತಾದ ಮೇಲೂ ತೋಳು ಸಾಕು ಎನ್ನುತ್ತಿದೆ."

ಅವನು ತನ್ನ ಪಾಲನ್ನೂ ಜೋಳವನ್ನೂ ಬೇರೆ ಬೇರೆ ಗಾಡಿಯಲ್ಲಿ ತಂದ. ಊರಿನವರಿಗೆ ಅದು ತಮಾಷೆಯಾಗಿ ಕಂಡಿತು. ಅವನಿಗೆ ಹಾಗೆ ಕಾಣಲಿಲ್ಲ. ಮನೆಯ ಮುಂದೆ ಗಾಡಿ ಇಳಿಸಿ, ಹೆಂಡತಿ ಕೊಟ್ಟ ನೀರು ಕುಡಿದು, ಜಗುಲಿಯ ಮೇಲೆ ಮಲಗಿದ. ಬಣ್ಣದ ಮನೆಯ ಹಂಡೆಗಳು ಒಂದೊಂದಾಗಿ ಆರಿದವು. ಕೆಲವು ವರ್ಷಕ್ಕೆ ನೆರೆಯವನೂ ಮನೆಗೆ ಬಂದ. ಅವನನ್ನು ಕಳಿಸಬೇಕಾದಾಗ ಮುಂಚಿತವಾಗಿ ತಿಳಿಸಿದರು, ಕಟ್ಟಳೆಯಂತೆ ಕೊಟ್ಟರು. ಇಬ್ಬರೂ ಸಂಜೆ ಜಗುಲಿಯ ಮೇಲೆ ಕೂತು ಮಾತಾಡುವರು. ಯಾರು ಮಾಡಿದ್ದು ಸರಿ ಎಂಬ ವಾದ ಅವರಲ್ಲಿ ಮುಗಿಯಲೇ ಇಲ್ಲ. ಆದರೆ ಆ ಓಣಿಯಲ್ಲಿ, ನನ್ನನ್ನು ಹೊರಗೆ ಹಾಕಿದರು ಎಂದು ಸಾಯುವವರೆಗೂ ಹೇಳಿಕೊಂಡು ತಿರುಗಿದವನು, ಇಷ್ಟಪಟ್ಟು ಹೋಗುತ್ತೇನೆ ಎಂದು ಮೊದಲು ಹೇಳಿದವನೊಬ್ಬನೇ.

ಕತೆ ಅಲ್ಲಿಗೆ ನಿಂತಿತು. ಕರಿಬಸಪ್ಪ ಕಂಬ ಬಿಟ್ಟು ಮುಂದೆ ಸರಿದು ಕೂತ. ಅವನು ದಣಿದಿದ್ದ. ಗಿರಣಿಯ ಸದ್ದಿಗೆ ಅವನ ಒಂದು ಕಿವಿ ಮಂದವಾಗಿತ್ತು. ಕೇಳುವ ಕಿವಿಯನ್ನು ಅಯ್ಯನವರ ಕಡೆ ತಿರುಗಿಸಿ, ಕೈಮುಗಿದು ಕೇಳಿದ.

"ನನಗೆ ಯೋಚಿಸಿ ಯೋಚಿಸಿ ಸಾಕಾಗಿದೆ. ನೀವೇ ಒಂದು ಮಾತು ಹೇಳಿಬಿಡಿ, ಹಾಗೇ ಮಾಡುತ್ತೇನೆ. ಸಹಿ ಹಾಕಲೇ, ಬೇಡವೇ?"

ಹಾಲಯ್ಯನವರು ಅವನನ್ನು ನೋಡಿದರು.

"ನಾನು ಹೇಳಿದೆನೆಂದು ಮಾಡಿದರೆ ಅದು ಯಾರ ಇಷ್ಟ, ಕರಿಬಸಪ್ಪ?"