ಬೀಗರ ತಟ್ಟೆಯ ಎರಡು ಬಿಲ್ಲು

ಒಂದೇ ಅಚ್ಚಿನಲ್ಲಿ ಒತ್ತಿದ ಎರಡು ಮಿಠಾಯಿ. ಅದಕ್ಕಿಂತ ಇದು ದೊಡ್ಡದು, ಇದಕ್ಕಿಂತ ಅದು ದೊಡ್ಡದು. ಹೇಗೆ? ತಲೆ ಕೆರೆದುಕೊಂಡಿದ್ದು ಸಾಕು, ನಿಮ್ಮಿಂದಾಗಲ್ಲ, ಕೇಳಿ.

ಮದುವೆ ಮುಗಿದು ಬೀಗರ ಊಟ ನಡೆದಿತ್ತು. ಗಂಡಿನ ತಂದೆ ಹಾಲಪ್ಪ ಅಡುಗೆಯವನನ್ನು ಕರೆದು ಗುಡುಗಿದ. "ನನ್ನ ಮಿಠಾಯಿ ಬೀಗನದಕ್ಕಿಂತ ದೊಡ್ಡದಿರಬೇಕು. ಇಲ್ಲದಿದ್ರೆ ಸೊಸೇನ ಇಲ್ಲೇ ಬಿಟ್ಟು ಹೋಗ್ತೀನಿ!"

ಹೆಣ್ಣಿನ ತಂದೆ ಕರಿಬಸಪ್ಪನೂ ಮೀಸೆ ತಿರುವಿದ. "ನನಗೆ ಸಣ್ಣದು ಕೊಟ್ಟು ನೋಡು, ಮಗಳನ್ನ ಕಳಿಸೋದೇ ಇಲ್ಲ."

ಮದುಮಗಳು ಸುಶೀಲ ಪೆಟ್ಟಿಗೆಯ ಮೇಲೆ ಕೂತು ಸೆರಗಿನಲ್ಲಿ ಕಣ್ಣೊರೆಸುತ್ತಿದ್ದಳು.

ಅಡುಗೆಯವನು ಕಾಮನಬಿಲ್ಲಿನಂತೆ ಬಾಗಿದ ಎರಡು ಮಿಠಾಯಿಗಳನ್ನು ತಟ್ಟೆಯಲ್ಲಿ ಒಂದರ ಕೆಳಗೊಂದು ಜೋಡಿಸಿ ಹಾಲಪ್ಪನಿಗೆ ತೋರಿಸಿದ. "ಕೆಳಗಿನದು ನಿಮ್ಮದು, ಯಜಮಾನ್ರೇ." ಕೆಳಗಿನದು ದೊಡ್ಡದಾಗಿಯೇ ಕಂಡಿತು. ಹಾಲಪ್ಪ ತಲೆಯಾಡಿಸಿದ. ಕರಿಬಸಪ್ಪನ ಕಡೆ ತಿರುಗುವಾಗ ಅಡುಗೆಯವನು ಮೆಲ್ಲಗೆ ಮೇಲಿನದನ್ನು ಕೆಳಗಿಟ್ಟ. "ಕೆಳಗಿನದು ನಿಮ್ಮದು." ಕರಿಬಸಪ್ಪನೂ ತಲೆಯಾಡಿಸಿದ.

ಹಾಲಪ್ಪ ಅದನ್ನು ಕಂಡುಬಿಟ್ಟ. ಎದ್ದು ಬಂದು ಎರಡನ್ನೂ ಒಂದರ ಮೇಲೊಂದು ಹೊಂದಿಸಿ ನೋಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. "ಏನೋ ಇದು ಕಣ್ಕಟ್ಟು?"

"ಬಿಲ್ಲಿನ ಗುಣ ಯಜಮಾನ್ರೇ. ಬಾಗಿದವರಲ್ಲಿ ಕೆಳಗಿರೋರೇ ದೊಡ್ಡೋರಾಗಿ ಕಾಣ್ತಾರೆ."

ಹಾಲಪ್ಪ ಮಣೆ ಸರಿಸಿ ಬರಿ ನೆಲಕ್ಕೆ ಕೂತ. ಕರಿಬಸಪ್ಪ ಬಿಟ್ಟಾನೆಯೇ? ಜಗಲಿಯಿಂದ ಇಳಿದು ಅಂಗಳದ ಮಣ್ಣಿನಲ್ಲೇ ಕೂತ. ಹಾಲಪ್ಪ ಅದಕ್ಕೂ ಕೆಳಗಿನ ಚರಂಡಿಯತ್ತ ಒಮ್ಮೆ ನೋಡಿದ, ಆಮೇಲೆ ನಕ್ಕುಬಿಟ್ಟ. ಸೊಸೆಯ ಪೆಟ್ಟಿಗೆಯನ್ನು ತಾನೇ ಹೊತ್ತು ನಡೆದ.

ಆ ನಗು, ಆ ಪೆಟ್ಟಿಗೆ ಹೊತ್ತಿದ್ದು, ಎರಡೂ ನಾನು ಸೇರಿಸಿದ್ದು. ಅಳುತ್ತಿದ್ದ ಸುಶೀಲಳನ್ನು ಅಲ್ಲೇ ಕೂರಿಸಿ ಬರೋಕೆ ಮನಸ್ಸಾಗಲಿಲ್ಲ.